ಒಂದು ಯೂನಿಟ್‌ಗೆ ಒಂದೂವರೆ ಲೀಟರ್

2024ರ ಮಾರ್ಚ್ ತಿಂಗಳ ಒಂದು ನೋಟ್‌ಬುಕ್ ಇನ್ನೂ ನನ್ನ ಹತ್ತಿರ ಇದೆ. ನೀಲಿ ರಟ್ಟು, ಉದ್ದ ಗೆರೆ. ಎಡಕ್ಕೆ ತಾರೀಖು, ಆಮೇಲೆ ಟ್ಯಾಂಕರ್ ಬಂದ ಹೊತ್ತು, ಗಾಡಿ ನಂಬರು, ಎಷ್ಟು ಲೀಟರ್, ಪಕ್ಕದಲ್ಲಿ ನಿಂತು ನೋಡಿದವರ ಸಹಿ. ವೈಟ್‌ಫೀಲ್ಡ್ ಕಡೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ 180 ಮನೆ. ಇದ್ದ ಮೂರು ಬೋರ್‌ವೆಲ್‌ಗಳಲ್ಲಿ ಎರಡು ಫೆಬ್ರವರಿಯಲ್ಲೇ ಕೈಕೊಟ್ಟವು. ಮೂರನೆಯದು ಅರ್ಧ ಗಂಟೆ ಓಡಿದರೆ ಮುಕ್ಕಾಲು ಗಂಟೆ ಸುಮ್ಮನಿರಬೇಕಿತ್ತು. ಅಕೌಂಟ್ಸ್ ಕೆಲಸ ಮಾಡುವವಳು ಅಂತ ಅಸೋಸಿಯೇಷನ್ನಿನವರು ನೀರಿನ ಲೆಕ್ಕವನ್ನು ನನಗೇ ವಹಿಸಿದರು.

ಬೆಳಿಗ್ಗೆ ಆರರಿಂದ ಒಂಬತ್ತು, ಸಂಜೆ ಆರರಿಂದ ಎಂಟು. ಅಷ್ಟು ಹೊತ್ತು ಬಿಟ್ಟರೆ ನಲ್ಲಿ ಒಣಗಿರುತ್ತಿತ್ತು. ಶವರ್ ಬಿಟ್ಟು ಎಲ್ಲರೂ ಬಕೆಟ್‌ಗೆ ಬಂದೆವು. ನಾಲ್ಕನೇ ಮಹಡಿಯ ಅಜ್ಜಿಯೊಬ್ಬರು ಅಕ್ಕಿ ತೊಳೆದ ನೀರನ್ನು ಪಾತ್ರೆಯಲ್ಲಿ ಹಿಡಿದಿಟ್ಟು, ಲಿಫ್ಟ್‌ನಲ್ಲಿ ಇಳಿದು ಬಂದು ಕೆಳಗಿನ ಸಂಪಿಗೆ ಗಿಡಕ್ಕೆ ಹಾಕಿ ಹೋಗುತ್ತಿದ್ದರು. ನಲ್ಲಿಗಳಿಗೆಲ್ಲ ನೀರಿಗೆ ಗಾಳಿ ಬೆರೆಸಿ ಹರಿವು ಕಮ್ಮಿ ಮಾಡುವ ಏರೇಟರ್ ಕೂರಿಸಿದೆವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿಯ ಆದೇಶ ಬಂದಿತ್ತು. ಊರಿನಲ್ಲಿ ಸರ್ಕಾರಿ ಬೋರ್‌ವೆಲ್‌ಗಳೇ ಸುಮಾರು 14 ಸಾವಿರ, ಅದರಲ್ಲಿ ಹತ್ತಿರ ಹತ್ತಿರ 7 ಸಾವಿರ ಬತ್ತಿವೆ ಅಂತ ಸರ್ಕಾರವೇ ಹೇಳಿತು. ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತು: 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ. ಆ ದರಕ್ಕೆ ಬರುವ ಟ್ಯಾಂಕರ್‌ಗಾಗಿ ಎಷ್ಟು ಫೋನ್ ಮಾಡಿದೆ ಅನ್ನುವುದೂ ನೋಟ್‌ಬುಕ್ಕಿನ ಅಂಚಿನಲ್ಲಿದೆ.

ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನುವುದು ಸರ್ಕಾರಿ ಲೆಕ್ಕ. ನಮ್ಮಲ್ಲಿ 600 ಜನ. ಅಂದರೆ 81 ಸಾವಿರ ಲೀಟರ್. ನಾವು 55 ಸಾವಿರಕ್ಕೆ ಇಳಿಸಿದೆವು. ಯಾವ ಮನೆಯಲ್ಲಿ ಯಾವ ದಿನ ಎಷ್ಟು ಖರ್ಚಾಯಿತು ಅನ್ನುವುದು ಮೀಟರ್‌ನಲ್ಲಿ ಗೊತ್ತಾಗುತ್ತಿತ್ತು. ಹೆಚ್ಚು ಬಳಸಿದ ಮನೆಯ ನಂಬರನ್ನು ನೋಟಿಸ್ ಬೋರ್ಡಿಗೆ ಹಾಕಿದೆವು. ಹೆರಿಗೆಗೆಂದು ಮಗಳನ್ನು ಕರೆತಂದಿದ್ದ ಒಂದು ಮನೆಯ ನಂಬರೂ ಅದರಲ್ಲಿ ಸೇರಿಬಿಟ್ಟಿತು. ಆ ಮನೆಯ ಅಮ್ಮ ನನ್ನ ಬಾಗಿಲಿಗೆ ಬಂದು, "ಬಾಣಂತಿ ಇದ್ದಾಳಮ್ಮ, ನಾನೇನು ಮಾಡಲಿ" ಅಂದರು. ಮಾರನೇ ದಿನ ಬೋರ್ಡಿನಿಂದ ಪಟ್ಟಿ ತೆಗೆಸಿದೆ. ಆದರೂ ಆ ಮುಖ ಮರೆತಿಲ್ಲ.

ಇಷ್ಟೆಲ್ಲ ಲೆಕ್ಕ ಹಾಕುತ್ತಿದ್ದ ಹೊತ್ತಿನಲ್ಲೇ ಆ ಕಟ್ಟಡ ನನ್ನ ಕಣ್ಣಿಗೆ ಬಿದ್ದಿದ್ದು.

ನಮ್ಮಿಂದ ಒಂದು ಕಿಲೋಮೀಟರ್ ಇರಬಹುದು. ಕಿಟಕಿಗಳೇ ಇಲ್ಲದ ಬೂದು ಬಣ್ಣದ ಉದ್ದ ಗೋಡೆ. ಚಳಿಗಾಲದಲ್ಲಿ ಬೆಳಗಿನ ವಾಕಿಂಗ್ ಹೋದಾಗ ಅದರ ತಾರಸಿಯಿಂದ ಬಿಳಿ ಹಬೆ ಏಳುವುದನ್ನು ಎಷ್ಟೋ ಸಲ ನೋಡಿದ್ದೆ, ಯಾವುದೋ ಫ್ಯಾಕ್ಟರಿ ಅಂದುಕೊಂಡಿದ್ದೆ. ಮಾರ್ಚ್‌ನಲ್ಲಿ ಅದರ ಗೇಟಿನ ಮುಂದೆ ಸಾಲಾಗಿ ಟ್ಯಾಂಕರ್ ನಿಂತಿದ್ದವು. ಅವುಗಳಲ್ಲಿ ಒಂದರ ನಂಬರು ನನ್ನ ನೋಟ್‌ಬುಕ್ಕಿನಲ್ಲೂ ಇತ್ತು. ಗೇಟಿನಲ್ಲಿದ್ದ ಸೆಕ್ಯುರಿಟಿಯವನು ರಾಯಚೂರು ಜಿಲ್ಲೆಯವನು. ಒಳಗೆ ಏನಿದೆ ಅಂತ ಕೇಳಿದೆ.

"ಒಳಗ ಮಂದಿ ಭಾಳ ಇಲ್ರೀ ಅಕ್ಕಾರ, ಬರೇ ಕಂಪ್ಯೂಟರ್ ಅದಾವ. ಅವು ಬಿಸಿ ತಡಕೊಳ್ಳಂಗಿಲ್ಲರಿ, ಅದಕ್ಕ ನೀರು" ಅಂದ.

ಅದು ಡೇಟಾ ಸೆಂಟರ್, ಅಂದರೆ ನಮ್ಮ ಫೋನು, ಇಂಟರ್‌ನೆಟ್ಟಿನ ಕೆಲಸ ನಡೆಸುವ ಕಂಪ್ಯೂಟರ್‌ಗಳ ಕಟ್ಟಡ. ಅವತ್ತು ರಾತ್ರಿ ಕೂತು ಒಂದು ಸಣ್ಣ ಲೆಕ್ಕ ಮಾಡಿದೆ. ಹೈಸ್ಕೂಲಿನಲ್ಲಿ ಓದಿದ್ದ ಭೌತಶಾಸ್ತ್ರ ಅದಕ್ಕೆ ಸಾಕು. ಕಂಪ್ಯೂಟರ್ ಎಷ್ಟು ಕರೆಂಟ್ ತಿನ್ನುತ್ತದೋ ಅಷ್ಟನ್ನೂ ಕೊನೆಗೆ ಶಾಖವಾಗಿ ಹೊರಗೆ ಬಿಡುತ್ತದೆ. ಆ ಶಾಖವನ್ನು ಹೊರಹಾಕಲು ಹಳೆಯ, ಅಗ್ಗದ ದಾರಿ ಎಂದರೆ ಕೂಲಿಂಗ್ ಟವರ್. ಬಿಸಿಯಾದ ನೀರನ್ನು ಗಾಳಿಗೆ ಒಡ್ಡಿ ಸುರಿಸುತ್ತಾರೆ, ಒಂದಿಷ್ಟು ಆವಿಯಾಗಿ ಹೋಗುತ್ತದೆ, ಹೋಗುವಾಗ ಶಾಖವನ್ನೂ ಒಯ್ಯುತ್ತದೆ. ಹೂಜಿಯ ನೀರು ತಣ್ಣಗಾಗುವುದು ಹೀಗೆಯೇ. ಒಂದು ಯೂನಿಟ್ ಕರೆಂಟಿನ ಶಾಖವನ್ನು ಹೀಗೆ ಕಳೆಯಲು ಸುಮಾರು ಒಂದೂವರೆ ಲೀಟರ್ ನೀರು ಆವಿಯಾಗಬೇಕು. ಒಂದು ಮೆಗಾವ್ಯಾಟ್ ಕಂಪ್ಯೂಟರ್‌ಗಳು ಒಂದು ಹಗಲು ಒಂದು ರಾತ್ರಿ ಓಡಿದರೆ 24 ಸಾವಿರ ಯೂನಿಟ್. ಅಂದರೆ 36 ಸಾವಿರ ಲೀಟರ್. 6,000 ಲೀಟರಿನ ಆರು ಟ್ಯಾಂಕರ್. ಹೀಗೆ ನೀರಿನಿಂದಲೇ ತಣಿಸುವ ಇಪ್ಪತ್ತು ಮೆಗಾವ್ಯಾಟಿನ ಕಟ್ಟಡವಾದರೆ 7 ಲಕ್ಷದ 20 ಸಾವಿರ ಲೀಟರ್, 135 ಲೀಟರಿನ ಸರ್ಕಾರಿ ಲೆಕ್ಕದಲ್ಲಿ ನಮ್ಮಂಥ ಸುಮಾರು ಒಂಬತ್ತು ಅಪಾರ್ಟ್‌ಮೆಂಟುಗಳ ಪೂರ್ತಿ ಖರ್ಚು. ಇದರ ಮೇಲೆ ಇನ್ನೊಂದು ಖರ್ಚಿದೆ. ನೀರು ಆವಿಯಾದರೂ ಅದರ ಉಪ್ಪು ಹಿಂದೆ ಉಳಿಯುತ್ತದೆ, ಸ್ನಾನದ ಗೀಸರಿನಲ್ಲಿ ಬಿಳಿ ಪದರ ಕಟ್ಟುತ್ತದಲ್ಲ, ಹಾಗೆ. ಉಪ್ಪು ಹೆಚ್ಚಾದ ನೀರನ್ನು ಆಗಾಗ ಹೊರಚೆಲ್ಲಿ ಹೊಸ ನೀರು ತುಂಬಬೇಕು. ವೈಟ್‌ಫೀಲ್ಡಿನ ಬೋರ್‌ವೆಲ್ ನೀರಿನ ಗಡಸು ಇಲ್ಲಿ ಸಂಸಾರ ಮಾಡಿದವರಿಗೆಲ್ಲ ಗೊತ್ತು. ನೀರು ಗಡುಸಾದಷ್ಟೂ ಬೇಗ ಚೆಲ್ಲಬೇಕಾಗುತ್ತದೆ.

ಎಲ್ಲ ಡೇಟಾ ಸೆಂಟರ್‌ಗಳೂ ಹೀಗಿಲ್ಲ. ಗಾಳಿಯಿಂದಲೇ ತಣಿಸುವವು ಬೇಕಾದಷ್ಟಿವೆ, ಒಮ್ಮೆ ತುಂಬಿದ ನೀರನ್ನೇ ಮುಚ್ಚಿದ ಕೊಳವೆಯಲ್ಲಿ ತಿರುಗಿಸುವವೂ ಇವೆ. ಆ ಬೂದು ಗೋಡೆಯ ಹಿಂದೆ ಯಾವ ಬಗೆಯದು, ಎಷ್ಟು ಮೆಗಾವ್ಯಾಟಿನದು? ನಮ್ಮ ಅಸೋಸಿಯೇಷನ್ ಕಡೆಯಿಂದ ಮರ್ಯಾದೆಯಿಂದಲೇ ಒಂದು ಪತ್ರ ಬರೆದೆವು. ಉತ್ತರ ಬರಲಿಲ್ಲ. ಎರಡನೇ ಪತ್ರಕ್ಕೆ, ಭದ್ರತೆಯ ಕಾರಣದಿಂದ ಇಂಥ ವಿವರ ಕೊಡಲಾಗುವುದಿಲ್ಲ ಅಂತ ಎರಡು ಸಾಲು ಬಂತು. ಬಾಣಂತಿ ಇರುವ ಮನೆಯ ನೀರಿನ ಲೆಕ್ಕವನ್ನು ನಾನು ಬೋರ್ಡಿನ ಮೇಲೆ ಹಾಕಿದ್ದೆ.

ನನ್ನ ತವರು ಕೋಲಾರ ಜಿಲ್ಲೆ, ನರಸಾಪುರದ ಕಡೆ. ನೀರಿಲ್ಲದ ಊರಿನಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮಪ್ಪ 1,200 ಅಡಿ ಕೊರೆಸಿದ ಬೋರಿನಿಂದ ಬರೀ ಬೂದಿಯಂಥ ಧೂಳು ಎದ್ದಿದ್ದನ್ನು ಕಣ್ಣಾರೆ ನೋಡಿದ್ದೇನೆ. ನಮ್ಮೂರ ಕೆರೆಯಲ್ಲಿ ನೀರು ಕಂಡ ನೆನಪು ನನಗೆ ಇರಲಿಲ್ಲ. ಅದು ನಮಗೆ ಜಾಲಿ ಬೆಳೆದ ಬಯಲು, ಕ್ರಿಕೆಟ್ ಆಡುವ ಜಾಗ. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಆಮೇಲೆ ಒಂದರ ಕೋಡಿಯಿಂದ ಇನ್ನೊಂದಕ್ಕೆ ಹರಿಯುತ್ತ ನಮ್ಮ ಕಡೆಗೂ ಬಂತು.

ಗೊತ್ತಿಲ್ಲದವರಿಗೆ ಹೇಳಬೇಕು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, ಪೈಪಿನಲ್ಲಿ ಕೋಲಾರಕ್ಕೆ ಪಂಪ್ ಮಾಡಿ, ಕೆರೆಗಳನ್ನು ತುಂಬಿಸುವ ಯೋಜನೆ ಅದು. ದಿನಕ್ಕೆ 44 ಕೋಟಿ ಲೀಟರಿನ ಯೋಜನೆ, ನೂರಕ್ಕೂ ಹೆಚ್ಚು ಕೆರೆಗಳಿಗೆ. ಮೊದಲ ಕೆಲವು ವಾರಗಳಲ್ಲೇ ನೊರೆ ಬಂತು, ಕೋರ್ಟಿಗೆ ಹೋಯಿತು, ಹೈಕೋರ್ಟು ತಡೆಯಿತು, ಬಿಟ್ಟಿತು, ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಆಗಲೇಬೇಕು ಅನ್ನುವವರ ಜೊತೆ ನಾನಿದ್ದೇನೆ. ಅದೇ ಕೆರೆಯ ದಡದಲ್ಲಿ ನಮ್ಮ ಹಸುಗಳು ಮೇಯುತ್ತವೆ. ಆದರೆ ಅಂತರ್ಜಲ ಮೇಲೆ ಬಂದಿದ್ದು ಸುಳ್ಳಲ್ಲ. ಸತ್ತ ಬೋರುಗಳು ಮತ್ತೆ ನೀರು ಕೊಟ್ಟವು. ನಮ್ಮಮ್ಮ ಬಿಟ್ಟುಬಿಟ್ಟಿದ್ದ ಹಿಪ್ಪುನೇರಳೆ ತೋಟ ಮತ್ತೆ ಹಸಿರಾಯಿತು.

ಬೆಂಗಳೂರಿನಲ್ಲಿ ಮನೆಮನೆಯವರು ಮೀಯುವ, ಪಾತ್ರೆ ತೊಳೆಯುವ ನೀರಿನ ದೊಡ್ಡ ಪಾಲು ತಿರುಗಿ ಚರಂಡಿಗೆ ಬರುತ್ತದೆ. ನೂರು ಲೀಟರ್ ಬಳಸಿದರೆ ಎಂಬತ್ತು ಲೀಟರ್ ವಾಪಸ್ಸು ಅನ್ನುವುದು ಒಳಚರಂಡಿ ಎಂಜಿನಿಯರುಗಳು ಸಾಮಾನ್ಯವಾಗಿ ಹಿಡಿಯುವ ಲೆಕ್ಕ. ಆ ಎಂಬತ್ತರಲ್ಲಿ ಒಂದಿಷ್ಟು ಕೋಲಾರದ ಕೆರೆಗೆ ಹೋಗುತ್ತದೆ. ನಮ್ಮ ನಾಲ್ಕನೇ ಮಹಡಿಯ ಅಜ್ಜಿ ಅಕ್ಕಿ ತೊಳೆದ ನೀರು ಸಂಪಿಗೆಗೆ ಹೋಗದೆ ಸಿಂಕಿಗೆ ಹೋಗಿದ್ದರೂ ಎಲ್ಲೋ ಒಂದು ಕೆರೆಯ ಪಾಲಾಗುತ್ತಿತ್ತು. ಕೂಲಿಂಗ್ ಟವರಿಗೆ ಹೋದ ನೀರಿನ ದಾರಿ ಬೇರೆ. ಅದರ ಬಹುಪಾಲು ಆಕಾಶಕ್ಕೆ ಹೋಯಿತು. ಎಲ್ಲೋ ಮಳೆಯಾಗಿ ಇಳಿಯುತ್ತದೆ, ನಿಜ. ಆದರೆ ನರಸಾಪುರದ ಪೈಪಿಗೆ ಅದು ಬರುವುದಿಲ್ಲ. ಕುಡಿಯುವ ನೀರಿಗೆ ಪೈಪೋಟಿ ಅನ್ನುವ ಮಾತನ್ನಷ್ಟೇ ಎಲ್ಲರೂ ಆಡುತ್ತಾರೆ. ನಾನು ಕೇಳುವುದು ಬಳಸಿದ ನೀರಿನ ವಿಷಯ. ಬಳಸಿದ ನೀರು ಅಂದರೆ ಮುಗಿದುಹೋದ ನೀರಲ್ಲ, ಅದಕ್ಕೂ ಮುಂದೆ ಕಾದು ಕೂತವರಿದ್ದಾರೆ. ಆವಿಯಾದ ನೀರು ಮಾತ್ರ ಅಲ್ಲಿಗೇ ಮುಗಿಯಿತು.

ಹಾಗಾದರೆ ಗಾಳಿಯಿಂದ ತಣಿಸಲಿ ಅನ್ನಬಹುದು. ನಾನೂ ಮೊದಲು ಹಾಗೇ ಅಂದುಕೊಂಡೆ. ಗಾಳಿಯಿಂದ ತಣಿಸಲು ಕರೆಂಟ್ ಹೆಚ್ಚು ಬೇಕು. ಆ ಕರೆಂಟ್ ಎಲ್ಲಿಂದ ಬರಬೇಕು? ರಾತ್ರಿ ಹೊತ್ತು ಸೋಲಾರ್ ಇಲ್ಲ, ಮಳೆ ಕೈಕೊಟ್ಟ ವರ್ಷ ಜಲಾಶಯದಲ್ಲಿ ನೀರಿಲ್ಲ, ಉಳಿಯುವುದು ಹೆಚ್ಚಾಗಿ ಕಲ್ಲಿದ್ದಲು. ಕೃಷ್ಣಾ ತೀರದಲ್ಲಿರುವ ರಾಯಚೂರು ಶಾಖೋತ್ಪನ್ನ ಸ್ಥಾವರ 1,720 ಮೆಗಾವ್ಯಾಟಿನದು. ಅದಕ್ಕೂ ಕೂಲಿಂಗ್ ಟವರ್ ಇದೆ. ಕಲ್ಲಿದ್ದಲು ಸ್ಥಾವರಗಳು ಒಂದು ಯೂನಿಟ್‌ಗೆ ಮೂರೂವರೆ ಲೀಟರ್ ನೀರು ಮೀರಬಾರದು ಅಂತ ಕೇಂದ್ರ ಸರ್ಕಾರ 2015ರಲ್ಲಿ ಮಿತಿ ಹಾಕಿದೆ. ಮಿತಿಯೇ ಮೂರೂವರೆ ಲೀಟರ್. ವೈಟ್‌ಫೀಲ್ಡಿನಲ್ಲಿ ಉಳಿಸಿದ ನೀರಿನಲ್ಲಿ ಒಂದಿಷ್ಟನ್ನು ಆ ಸ್ಥಾವರ ಇರುವ ಶಕ್ತಿನಗರದಲ್ಲಿ ಖರ್ಚು ಮಾಡಿದಂತಾಯಿತು, ಜೊತೆಗೆ ಅಲ್ಲಿಯವರಿಗೆ ಹಾರುಬೂದಿ.

ಆ ಸೆಕ್ಯುರಿಟಿಯವನಿಗೆ ಒಂದು ಸಲ ಇದನ್ನು ಹೇಳಿದೆ. "ನಮ್ ಕಡೆ ಕರೆಂಟ್ ಹುಟ್ಟತೈತ್ರೀ, ನಮ್ಮೂರಾಗ ನಿಲ್ಲಂಗಿಲ್ಲ" ಅಂದ. 2023ರ ಬರದ ಅಕ್ಟೋಬರಿನಲ್ಲಿ ಪಂಪ್‌ಸೆಟ್‌ಗೆ ಏಳು ಗಂಟೆ ಕರೆಂಟ್ ಕೊಡಲಾಗದೆ ಐದಕ್ಕೆ ಇಳಿಸಿದ್ದು, ರೈತರು ಬೀದಿಗೆ ಇಳಿದಿದ್ದು ಎಲ್ಲರಿಗೂ ನೆನಪಿರಬೇಕು. 2025ರ ಮಾರ್ಚ್‌ನಲ್ಲಿ ರಾಜ್ಯದ ಬೇಡಿಕೆ 18 ಸಾವಿರ ಮೆಗಾವ್ಯಾಟ್ ದಾಟಿತು. ಪಾವಗಡದಲ್ಲಿ 13 ಸಾವಿರ ಎಕರೆಯಲ್ಲಿ ಸೋಲಾರ್ ಹಲಗೆಗಳಿವೆ, 2,050 ಮೆಗಾವ್ಯಾಟ್, ಆದರೆ ಸೂರ್ಯ ಮುಳುಗಿದ ಮೇಲೆ ಅವು ಬರೀ ಗಾಜು. ಹಗಲಿನ ಕರೆಂಟನ್ನು ರಾತ್ರಿಗೆ ಕೂಡಿಡುವ ಉಪಾಯವಾಗಿ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಬಂದಿದೆ: ಕೆಳಗಿನ ಗೇರುಸೊಪ್ಪದ ನೀರನ್ನು ಮೇಲಿನ ತಲಕಳಲೆಗೆ ಎತ್ತುವುದು, ಬೇಕಾದಾಗ ಬಿಡುವುದು. ಸಿಂಗಳೀಕಗಳ ಕಾಡಿನ ನಡುವೆ. 2025ರ ಸೆಪ್ಟೆಂಬರಿನ ಅಹವಾಲು ಸಭೆಗಳಲ್ಲಿ ಆ ಕಡೆಯ ಜನ ಒಟ್ಟಾಗಿ ಬೇಡ ಅಂದರು. ಲಿಂಗನಮಕ್ಕಿಗೆ ಭೂಮಿ ಬಿಟ್ಟುಕೊಟ್ಟು ಅರವತ್ತು ವರ್ಷ ಕಳೆದರೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವ ಮನೆಗಳು ಇರುವ ಸೀಮೆ ಅದು. ಆ ಯೋಜನೆ ಡೇಟಾ ಸೆಂಟರಿಗೆಂದೇ ಬಂತು ಅಂತ ನಾನು ಹೇಳುತ್ತಿಲ್ಲ. ಹಗಲೂ ರಾತ್ರಿ, ಹಬ್ಬಕ್ಕೂ ಭಾನುವಾರಕ್ಕೂ ಒಂದೇ ಸಮ ಕರೆಂಟ್ ಬೇಕು ಅನ್ನುವ ಗಿರಾಕಿ ಹೆಚ್ಚಿದಷ್ಟೂ ಇಂಥ ಯೋಜನೆಗಳಿಗೆ ಸಮರ್ಥನೆ ಹೆಚ್ಚುತ್ತದೆ.

ಅಂಥ ಗಿರಾಕಿ ನಮ್ಮ ನಾಡಿಗೆ ಹೊಸಬನಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದಾಗ ಅದು ಮೈಸೂರಿನ ಮನೆಗಳಿಗೂ ಹೋಗಲಿಲ್ಲ, ಬೆಂಗಳೂರಿನ ಬೀದಿಗಳಿಗೂ ಹೋಗಲಿಲ್ಲ. 147 ಕಿಲೋಮೀಟರ್ ತಂತಿ ಎಳೆದು ನೇರ ನಮ್ಮ ಜಿಲ್ಲೆಯ ಚಿನ್ನದ ಗಣಿಗೆ ಒಯ್ದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು ಅಂತ ಶಾಲೆಯಲ್ಲಿ ಹೆಮ್ಮೆಯಿಂದ ಓದಿದ್ದೆವು. ಬೆಂಗಳೂರಿಗೆ ದೀಪ ಬಂದಿದ್ದು ಮೂರು ವರ್ಷದ ನಂತರ, 1905ರ ಆಗಸ್ಟಿನಲ್ಲಿ. ಗಣಿ ಒಂದು ಗಂಟೆಯೂ ನಿಲ್ಲುವಂತಿಲ್ಲ, ಆಳದಲ್ಲಿ ಜನ ಇರುತ್ತಾರೆ, ಪಂಪು ನಿಂತರೆ ನೀರು ತುಂಬುತ್ತದೆ. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ ಸೊರಗುತ್ತಿತ್ತು. ವರ್ಷವಿಡೀ ಹರಿವು ಕಾಯ್ದುಕೊಳ್ಳಲು ಮೇಲ್ಗಡೆ ಅಣೆಕಟ್ಟು ಬೇಕು ಅನ್ನುವ ವಾದಕ್ಕೆ ಬಲ ಬಂದಿದ್ದರಲ್ಲಿ ಗಣಿಗೆ ಕೊಟ್ಟ ವಿದ್ಯುತ್ತಿನ ಭರವಸೆಯೂ ಒಂದು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು, ಹಳೆಯ ಕನ್ನಂಬಾಡಿ ಊರೇ ಮುಳುಗಿತು. ಕಟ್ಟೆಯಿಂದ ಮಂಡ್ಯದ ಗದ್ದೆಗಳು ನೀರು ಕಂಡವು, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ನನ್ನ ಗಮನ ಇನ್ನೊಂದು ಕಡೆಗೆ. ಎಂದೂ ಸ್ವಿಚ್ ಆರಿಸದ ಗಿರಾಕಿಯೊಬ್ಬ ಬಂದರೆ ಒಂದು ನದಿಯ ನಡೆಯೇ ಅವನ ಹೊತ್ತಿಗೆ ಹೊಂದಿಕೊಳ್ಳಬೇಕಾಗುತ್ತದೆ. 2001ರ ಫೆಬ್ರವರಿಯಲ್ಲಿ ಗಣಿ ಮುಚ್ಚಿತು. ಕೆ.ಜಿ.ಎಫ್.ನಲ್ಲಿ ಈಗ ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಸಯನೈಡ್ ದಿಬ್ಬಗಳಿವೆ. ಗಾಳಿ ಬೀಸಿದರೆ ಬಿಳಿ ದೂಳು ಮನೆಯೊಳಗೆ ಬರುತ್ತದೆ ಅಂತ ಅಲ್ಲಿರುವ ನಮ್ಮ ಚಿಕ್ಕಮ್ಮ ಕಿಟಕಿ ತೆಗೆಯುವುದೇ ಇಲ್ಲ.

ನಮ್ಮಕ್ಕ ಇರುವುದು ಅಮೆರಿಕದ ವರ್ಜೀನಿಯಾದ ಆಶ್‌ಬರ್ನ್‌ನಲ್ಲಿ. ಅದು ಲೌಡನ್ ಕೌಂಟಿ, ಡೇಟಾ ಸೆಂಟರ್‌ಗಳ ರಾಜಧಾನಿ. ಒಂದೇ ಕೌಂಟಿಯಲ್ಲಿ 200ರ ಆಸುಪಾಸು ಇವೆ. ಅಲ್ಲಿನ ಕನ್ನಡ ಸಂಘದ ಹೆಸರು 'ಕಾವೇರಿ'. ಫೋನಿನಲ್ಲಿ ನನ್ನ ಟ್ಯಾಂಕರ್ ಕಷ್ಟ ಹೇಳಿಕೊಂಡಾಗ ಅವಳು, "ನಮ್ಮಲ್ಲಿ ನೀರಿನ ತಾಪತ್ರಯ ಅಷ್ಟಿಲ್ಲ ಕಣೇ, ನಮ್ಮದು ಗುಂಯ್‌ಗುಡೋ ಸದ್ದು, ಕರೆಂಟ್ ಬಿಲ್ಲು" ಅಂದಳು. ಎರಡು ಬದಿಯನ್ನೂ ಅವಳು ಹೇಳುತ್ತಾಳೆ: ಕೌಂಟಿಯ ತೆರಿಗೆಯಲ್ಲಿ ದೊಡ್ಡ ಪಾಲು ಈ ಕಟ್ಟಡಗಳದ್ದೇ, ಮಕ್ಕಳ ಶಾಲೆ ಚೆನ್ನಾಗಿರುವುದಕ್ಕೆ ಅದೂ ಕಾರಣ. ಆದರೆ 2024ರ ಜುಲೈಯಲ್ಲಿ ಉತ್ತರ ವರ್ಜೀನಿಯಾದಲ್ಲಿ ಒಂದು ಲೈನಿನ ದೋಷದಿಂದ ಸುಮಾರು 60 ಡೇಟಾ ಸೆಂಟರ್‌ಗಳು ಒಟ್ಟಿಗೆ ಗ್ರಿಡ್ ಬಿಟ್ಟು ತಮ್ಮ ಬ್ಯಾಕಪ್‌ಗೆ ಹೋದವು. 1,500 ಮೆಗಾವ್ಯಾಟ್ ಹೊರೆ ಒಂದೇ ಏಟಿಗೆ ಮಾಯ. ಅದನ್ನು ಸರಿದೂಗಿಸಲು ಗ್ರಿಡ್ ನಡೆಸುವವರು ಪರದಾಡಿದರು. ಅದೇ ತಿಂಗಳು ಆ ಭಾಗದ ಹದಿಮೂರು ರಾಜ್ಯಗಳ ಗ್ರಿಡ್ ಸಂಸ್ಥೆ ಪಿಜೆಎಂ ನಡೆಸಿದ ಹರಾಜಿನಲ್ಲಿ, ಬೇಕಾದಾಗ ಕರೆಂಟ್ ಸಿದ್ಧವಾಗಿಟ್ಟುಕೊಳ್ಳುವುದಕ್ಕೆ ಕೊಡುವ ದರ ಒಂದು ಮೆಗಾವ್ಯಾಟಿಗೆ ದಿನಕ್ಕೆ ಸುಮಾರು 29 ಡಾಲರಿನಿಂದ 270 ಡಾಲರಿಗೆ ಏರಿತು. ಆ ಏರಿಕೆ ಕೊನೆಗೆ ಸೇರುವುದು ಮನೆಗಳ ಬಿಲ್ಲಿಗೇ. ಐರ್ಲೆಂಡಿನಲ್ಲಂತೂ 2023ರಲ್ಲಿ ದೇಶದ ಮೀಟರ್ ಹತ್ತಿದ ಕರೆಂಟಿನಲ್ಲಿ ನೂರಕ್ಕೆ 21 ಪಾಲು ಡೇಟಾ ಸೆಂಟರ್‌ಗಳಿಗೆ ಹೋಯಿತು, ಪಟ್ಟಣಗಳ ಮನೆಗಳೆಲ್ಲ ಸೇರಿ ಬಳಸಿದ್ದಕ್ಕಿಂತ ಹೆಚ್ಚು.

ಅಕ್ಕನ ಮೂಲಕ ಗೊತ್ತಾದ ಇನ್ನೊಂದು ಊರಿನ ಕತೆ ನನ್ನ ತಲೆಯಿಂದ ಹೋಗುವುದಿಲ್ಲ. ಅಮೆರಿಕದ ಪಶ್ಚಿಮ ತುದಿಯ ಒರೆಗಾನ್ ರಾಜ್ಯದಲ್ಲಿ, ಕೊಲಂಬಿಯಾ ನದಿಯ ದಡದಲ್ಲಿ, ದ ಡ್ಯಾಲ್ಸ್ ಅಂತ ಒಂದು ಸಣ್ಣ ಪಟ್ಟಣ. ನಮ್ಮ ಮಾಲೂರಿಗಿಂತ ಚಿಕ್ಕದು. ಗೂಗಲ್ ಅಲ್ಲಿ ಡೇಟಾ ಸೆಂಟರ್ ನಡೆಸುತ್ತದೆ. ಎಷ್ಟು ನೀರು ಬಳಸುತ್ತದೆ ಅಂತ ಅಲ್ಲಿನ ಪತ್ರಿಕೆಯೊಂದು ಕೇಳಿದಾಗ, ಅದು ವ್ಯಾಪಾರದ ಗುಟ್ಟು ಅಂತ ಹೇಳಿ ಆ ಊರಿನ ಆಡಳಿತವೇ 2021ರಲ್ಲಿ ಪತ್ರಿಕೆಯ ವಿರುದ್ಧ ಕೋರ್ಟಿಗೆ ಹೋಯಿತು. ಜನರ ನೀರಿನ ಲೆಕ್ಕವನ್ನು ಜನರಿಂದಲೇ ಮುಚ್ಚಿಡಲು ಜನರ ಆಡಳಿತ! ಒಂದು ವರ್ಷಕ್ಕೂ ಹೆಚ್ಚು ಎಳೆದಾಡಿ 2022ರ ಕೊನೆಗೆ ಅಂಕಿ ಹೊರಬಂತು. 2021ರಲ್ಲಿ 35 ಕೋಟಿ 50 ಲಕ್ಷ ಗ್ಯಾಲನ್, ಇಡೀ ಪಟ್ಟಣದ ಬಳಕೆಯಲ್ಲಿ ಕಾಲು ಭಾಗಕ್ಕೂ ಹೆಚ್ಚು. ಅದೇ ಹೊತ್ತಿಗೆ ಕಂಪನಿ ಅಮೆರಿಕದ ತನ್ನ ಒಂದೊಂದು ಡೇಟಾ ಸೆಂಟರಿನ ನೀರಿನ ಬಳಕೆಯನ್ನೂ ಪ್ರಕಟಿಸತೊಡಗಿತು. ಆಕಾಶವೇನೂ ಕಳಚಿ ಬೀಳಲಿಲ್ಲ, ಭದ್ರತೆಗೂ ಏನೂ ಆಗಲಿಲ್ಲ.

ಉರುಗ್ವೆಯಲ್ಲಿ 2023ರ ಬರದಲ್ಲಿ ರಾಜಧಾನಿಯ ನಲ್ಲಿಗಳಲ್ಲಿ ಉಪ್ಪು ನೀರು ಬಂತು. ಅದೇ ಹೊತ್ತಿಗೆ ಅಲ್ಲೊಂದು ಡೇಟಾ ಸೆಂಟರಿಗೆ ದಿನಕ್ಕೆ 76 ಲಕ್ಷ ಲೀಟರ್ ಬೇಕೆಂಬ ಅಂಕಿ ಹೊರಬಿತ್ತು; ಅದನ್ನು ಹೊರಗೆಳೆಯಲೂ ಕೋರ್ಟು ಬೇಕಾಯಿತು. ಜನ ಬೀದಿಗೆ ಬಂದ ಮೇಲೆ ಕಂಪನಿ ಯೋಜನೆಯನ್ನು ಬದಲಿಸಿ ಗಾಳಿಯಿಂದ ತಣಿಸುತ್ತೇವೆ ಅಂದಿತು. ಅಂಕಿ ಮೊದಲು ಬಂತು, ಬದಲಾವಣೆ ಆಮೇಲೆ ಬಂತು.

ನಮ್ಮಲ್ಲಿ ಮಾತು ಇನ್ನೂ ಯಾರು ಗೆದ್ದರು ಅನ್ನುವುದರಲ್ಲೇ ಇದೆ. 2025ರ ಅಕ್ಟೋಬರಿನಲ್ಲಿ ವಿಶಾಖಪಟ್ಟಣದಲ್ಲಿ ಗೂಗಲ್ 1,500 ಕೋಟಿ ಡಾಲರ್ ಹಾಕಿ ಗಿಗಾವ್ಯಾಟ್ ಪ್ರಮಾಣದ ಡೇಟಾ ಸೆಂಟರ್ ಕಟ್ಟುತ್ತದೆ ಅಂತ ಘೋಷಣೆಯಾದಾಗ, ಬೆಂಗಳೂರು ಇದನ್ನು ಕಳೆದುಕೊಂಡಿತು ಅಂತ ಇಲ್ಲಿ ಎಷ್ಟು ಚರ್ಚೆ! ಆಂಧ್ರದವರು ನೀರಿಗೂ ಕರೆಂಟಿಗೂ ರಿಯಾಯಿತಿ ಕೊಟ್ಟು ಕರೆದರು ಅಂತ ನಮ್ಮ ಸಚಿವರು, ನಿಮಗೆ ಹೊಟ್ಟೆಯುರಿ ಅಂತ ಅವರ ಸಚಿವರು. ನಮ್ಮ ರಾಜ್ಯದ್ದೂ 2022ರಿಂದ 2027ರವರೆಗಿನ ಡೇಟಾ ಸೆಂಟರ್ ನೀತಿ ಇದೆ, ಅದರಲ್ಲೂ ಕರೆಯುವ ಮಾತುಗಳಿವೆ. ಗಿಗಾವ್ಯಾಟ್ ಅಂದರೆ ಸಾವಿರ ಮೆಗಾವ್ಯಾಟ್. ಶರಾವತಿಯ ಮಹಾ ವಿದ್ಯುದಾಗಾರ ಪೂರ್ತಿ ತಿರುಗಿದರೆ 1,035. ನನಗೆ ಆ ಚರ್ಚೆ ಕೇಳುವಾಗೆಲ್ಲ ನೀಲಿ ನೋಟ್‌ಬುಕ್ ನೆನಪಾಗುತ್ತಿತ್ತು.

ಡೇಟಾ ಸೆಂಟರ್ ಬೇಡವೇ ಬೇಡ ಅನ್ನುವವಳಲ್ಲ ನಾನು. ಅಮ್ಮ ರೇಷ್ಮೆಗೂಡು ಮಾರಿದ ದುಡ್ಡು ಫೋನಿಗೆ ಬರುತ್ತದೆ, ಅಕ್ಕನ ಮುಖ ದಿನಾ ವಿಡಿಯೋದಲ್ಲಿ ಕಾಣುತ್ತದೆ, ಮಗ ಪಾಠದ ಅನುಮಾನವನ್ನು ಕಂಪ್ಯೂಟರಿಗೇ ಕೇಳುತ್ತಾನೆ. ಅವೆಲ್ಲ ಎಲ್ಲೋ ಒಂದು ಬೂದು ಗೋಡೆಯ ಹಿಂದೆ ಶಾಖ ಹುಟ್ಟಿಸುತ್ತವೆ ಅಂತ ನನಗೆ ಗೊತ್ತು. ಅದಕ್ಕೇ ಲೆಕ್ಕ ಕೇಳುವ ಹೊಣೆಯೂ ನನ್ನದೇ ಅನ್ನಿಸುತ್ತದೆ.

ಸುಲಭದ ಪರಿಹಾರವೊಂದನ್ನು ಎಲ್ಲರೂ ಹೇಳುತ್ತಾರೆ: ಶುದ್ಧೀಕರಿಸಿದ ಕೊಳಚೆ ನೀರನ್ನೇ ಕೊಡಿ. ಅಕ್ಕನ ಲೌಡನ್‌ನಲ್ಲಿ ಅದಕ್ಕಾಗಿಯೇ ನೇರಳೆ ಬಣ್ಣದ ಪೈಪು ಹಾಸಿದ್ದಾರೆ. ನಮ್ಮ ಯಲಹಂಕದಲ್ಲೂ ಮೂರನೇ ಹಂತದವರೆಗೆ ಶುದ್ಧೀಕರಿಸಿದ ನೀರು ವಿಮಾನ ನಿಲ್ದಾಣಕ್ಕೆ ಹೋಗಿದೆ. ಕಾವೇರಿ ನೀರನ್ನು ನೂರು ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರ್ ಎತ್ತರಕ್ಕೆ ಎತ್ತಿ ತರುತ್ತೇವೆ. ಸಾವಿರ ಲೀಟರ್ ಎತ್ತಲು ಪಂಪಿನ ನಷ್ಟವೂ ಸೇರಿ ಎರಡು ಯೂನಿಟ್‌ನ ಹತ್ತಿರ ಬೇಕು. ಅಷ್ಟು ಖರ್ಚು ಮಾಡಿ ತಂದ ನೀರನ್ನು ಯಂತ್ರ ತಣಿಸಲು ಆವಿ ಮಾಡುವುದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಕೊಳಚೆ ನೀರೇ ವಾಸಿ.

ಆದರೆ ಆ ಕೊಳಚೆ ನೀರು ಈಗ ನಮ್ಮೂರ ಕೆರೆಯಲ್ಲಿದೆಯಲ್ಲ. ಬೆಂಗಳೂರಿನಲ್ಲಿ ಅದಕ್ಕೆ ದುಡ್ಡು ಕೊಟ್ಟು ಕೊಳ್ಳುವ ಗಿರಾಕಿ ಸಿಕ್ಕಿದರೆ, ದುಡ್ಡು ಕೊಡದ ಕೋಲಾರದ ಪಾಲು ಏನಾಗುತ್ತದೆ? 2024ರ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಶುರುವಾಯಿತು, ದಿನಕ್ಕೆ 77 ಕೋಟಿ 50 ಲಕ್ಷ ಲೀಟರ್, 2007ರಲ್ಲಿ ನಗರಕ್ಕೆ ಸೇರಿದ 110 ಹಳ್ಳಿಗಳಿಗೆಂದು. ನಮ್ಮ ಅಪಾರ್ಟ್‌ಮೆಂಟಿಗೂ ಸಂಪರ್ಕ ಬಂತು. ಕಾವೇರಿ ಹೆಚ್ಚಿದರೆ ಕೊಳಚೆಯೂ ಹೆಚ್ಚುತ್ತದೆ, ಎಲ್ಲರಿಗೂ ಸಾಲುತ್ತದೆ ಅಂತ ಎಂಜಿನಿಯರ್ ಆಗಿರುವ ನಮ್ಮ ನೆರೆಯವರು ಹೇಳಿದರು. ಇರಬಹುದು. ಬರೆದು ಕೊಡಲಿ. ಕೋಲಾರಕ್ಕೆ ಇಷ್ಟು, ಚಿಕ್ಕಬಳ್ಳಾಪುರಕ್ಕೆ ಇಷ್ಟು, ಅದು ಮುಗಿದ ಮೇಲೆ ಉಳಿದಿದ್ದರಲ್ಲಿ ಯಂತ್ರಗಳಿಗೆ ಇಷ್ಟು ಅಂತ ಕಾಗದದ ಮೇಲೆ ಬರಲಿ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅಮ್ಮ ಕೆರೆ ಏರಿಯ ಮೇಲೆ ಕರೆದುಕೊಂಡು ಹೋಗಿ, ತೂಬಿನ ಕಲ್ಲು ತೋರಿಸಿದಳು. ಕಲ್ಲಿನ ಮೇಲೆ ಹಳೆಯ ನೀರಿನ ಗೆರೆ ಒಂದು ಮೊಳ ಮೇಲಿತ್ತು.

"ಈ ಸಲ ಯಾಕೋ ಕಮ್ಮಿ ಬಿಡ್ತಾವ್ರೆ ಕಣಮ್ಮ. ಬೆಂಗಳೂರಲ್ಲಿ ನೀವೇನು ನೀರು ಕಮ್ಮಿ ಖರ್ಚು ಮಾಡ್ತಿದ್ದೀರಾ?" ಅಂದಳು.

ಪಂಪು ಕೆಟ್ಟಿದ್ದಿರಬಹುದು, ಬೇರೆ ಕೆರೆಗೆ ತಿರುಗಿಸಿದ್ದಿರಬಹುದು. ಹೇಳಲು ನನ್ನ ಹತ್ತಿರ ಯಾವ ಅಂಕಿಯೂ ಇರಲಿಲ್ಲ. ವಾಪಸ್ಸು ಬಂದು ನೋಟ್‌ಬುಕ್ ತೆಗೆದೆ, ಕೊನೆಯಲ್ಲಿ ಹನ್ನೆರಡು ಹಾಳೆ ಖಾಲಿ ಉಳಿದಿದ್ದವು. ಮೂರನೇ ಪತ್ರದ ಕರಡು ಅದರಲ್ಲೇ ಬರೆದಿದ್ದೇನೆ, ಈ ಸಲ ಆ ಕಟ್ಟಡಕ್ಕಲ್ಲ, ನಮ್ಮ ಪೂರ್ವ ನಗರ ಪಾಲಿಕೆಗೆ, ಜಲಮಂಡಳಿಗೆ, ಶಾಸಕರಿಗೆ. ಎಷ್ಟು ಮೆಗಾವ್ಯಾಟ್. ದಿನಕ್ಕೆ ಎಷ್ಟು ಲೀಟರ್, ತಿಂಗಳು ತಿಂಗಳಿಗೂ. ಕಾವೇರಿಯೋ, ಬೋರೋ, ಟ್ಯಾಂಕರೋ, ಕೊಳಚೆಯೋ. ಅದರಲ್ಲಿ ಎಷ್ಟು ಚರಂಡಿಗೆ ವಾಪಸ್ಸು ಬರುತ್ತದೆ. ಏಪ್ರಿಲ್ ತಿಂಗಳಲ್ಲಿ ನೀರು ಸಾಲದೆ ಬಂದರೆ ಮೊದಲು ನಿಲ್ಲುವುದು ಯಾರದ್ದು.

180 ಮನೆಗಳಲ್ಲಿ 112 ಮನೆಯವರ ಸಹಿ ಆಗಿದೆ. ಮೊದಲ ಸಹಿ ಆ ಬಾಣಂತಿಯ ಅಮ್ಮನದು.